ಡಬ್ಬಿಯಲ್ಲಿ ವಿಮಾನ ಬಂತು, ಮಳೆ ಯಾಕೆ ಬರಲಿಲ್ಲ?

ಓದುಗರ ಪ್ರಶ್ನೆ: "ನಮಸ್ಕಾರ ಸರ್. ನಾನು ಚಿತ್ರದುರ್ಗದವನು. ಕೋಟೆ ಬೆಟ್ಟದ ಬುಡದ ಹತ್ತಿರ ಮನೆ. ಟಿವಿ, ಡಿಶ್, ಮೊಬೈಲ್ ರಿಪೇರಿ ಅಂಗಡಿ ಇದೆ. ಅಮೆರಿಕದಲ್ಲಿ ಸಣ್ಣ ವಿಮಾನ ಓಡಿಸುವವರೊಬ್ಬರು 'ಸ್ಟ್ರಾಟಕ್ಸ್' ಅನ್ನುವ ಡಬ್ಬಿಯನ್ನು ಮನೆಯಲ್ಲೇ ಜೋಡಿಸಿ, ಸುತ್ತಲಿನ ವಿಮಾನಗಳನ್ನೂ ಮಳೆಯ ರಾಡಾರ್ ಚಿತ್ರವನ್ನೂ ಟ್ಯಾಬ್‌ನಲ್ಲಿ ತೋರಿಸುವ ವಿಡಿಯೊ ನೋಡಿದೆ. ನಾನೂ ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್), ಎರಡು ಯುಎಸ್‌ಬಿ ರೇಡಿಯೊ ಡಾಂಗಲ್, ಒಂದು ಜಿಪಿಎಸ್ ತರಿಸಿ ಜೋಡಿಸಿದೆ. ಒಂಬತ್ತು ಸಾವಿರ ಖರ್ಚಾಯಿತು. ವಿಮಾನಗಳು ನಾಲ್ಕೋ ಐದೋ ಕಾಣುತ್ತವೆ, ಬಂದು ಬಂದು ಹೋಗುತ್ತವೆ. ಹವಾಮಾನದ ಪುಟ ಮಾತ್ರ ಎರಡು ತಿಂಗಳಿಂದ ಖಾಲಿ. ಒಬ್ಬರು ಡಾಂಗಲ್ ಡೂಪ್ಲಿಕೇಟ್ ಅಂದರು. ಇನ್ನೊಬ್ಬರು ಚಳ್ಳಕೆರೆ ಹತ್ತಿರ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ ಇದೆ, ಅವರೇ ಸಿಗ್ನಲ್ ತಡೆಯುತ್ತಾರೆ ಅಂದರು. ಮತ್ತೊಬ್ಬರು ಪೊಲೀಸರು ಬರುತ್ತಾರೆ ಅಂತ ಹೆದರಿಸಿದರು. ನನ್ನ ಭಾವಮೈದ ಮಲೇಬೆನ್ನೂರು ಕಡೆ ಭತ್ತದ ಗದ್ದೆಗಳಿಗೆ ಡ್ರೋನ್‌ನಲ್ಲಿ ಔಷಧಿ ಹೊಡೆಯುತ್ತಾನೆ. ಈ ಡಬ್ಬಿ ಅವನ ಕೈಗೆ ಕೊಡಬೇಕು ಅಂತ ಆಸೆ ಇತ್ತು. ಈಗ ಐದು ಸಾವಿರದ ಆಂಟೆನಾ ತರಿಸಬೇಕಾ, ಇಲ್ಲಾ ಕೈಬಿಡಬೇಕಾ?"

ಉತ್ತರ: ಆಂಟೆನಾ ತರಿಸಬೇಡಿ, ಕೈಬಿಡಲೂ ಬೇಡಿ. ನಿಮ್ಮ ಡಾಂಗಲ್ ಕೆಟ್ಟಿಲ್ಲ. ನಾಲ್ಕು ವಿಮಾನ ಕಂಡಿವೆ ಅಂದರೆ ಡಾಂಗಲ್ ಕೇಳಿಸಿಕೊಳ್ಳುತ್ತಿದೆ, ಸಾಫ್ಟ್‌ವೇರ್ ಬಿಡಿಸಿ ಓದುತ್ತಿದೆ. ನಾಲ್ಕನ್ನು ನಲವತ್ತು ಮಾಡುವ ಕೆಲಸ ನಿಮ್ಮ ಅಂಗಡಿಯಲ್ಲೇ ಇರುವ ಸಾಮಾನಿನಿಂದ ಆಗುತ್ತದೆ. ಆದರೆ ಹವಾಮಾನದ ಪುಟ ತುಂಬುವುದಿಲ್ಲ. ಎರಡು ವರ್ಷ ಕಾದರೂ ತುಂಬುವುದಿಲ್ಲ. ಅದನ್ನು ಕಳುಹಿಸುವವರು ನಮ್ಮ ದೇಶದಲ್ಲಿ ಯಾರೂ ಇಲ್ಲ.

ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ವಿಮಾನದ ರೇಡಿಯೊ ಉಪಕರಣಗಳ ರಿಪೇರಿ ಮೇಜಿನ ಮುಂದೆ ಕೂತವನು. ಈಗ ದಾವಣಗೆರೆಯಲ್ಲಿದ್ದೇನೆ. ಮನೆಯ ಮಾಳಿಗೆ ಮೇಲೆ ನಿಮ್ಮಂಥದ್ದೇ ಒಂದು ಡಬ್ಬಿ ಹಗಲೂ ರಾತ್ರಿ ಓಡುತ್ತಿದೆ. ನಿಮ್ಮ ಪತ್ರದಲ್ಲಿ ನನಗೆ ಚಿಂತೆ ತಂದದ್ದು ಒಂಬತ್ತು ಸಾವಿರವೂ ಅಲ್ಲ, ಪೊಲೀಸರೂ ಅಲ್ಲ. ಕೊನೆಗೆ ಬರೆದ ಭಾವಮೈದನ ವಿಷಯ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಡಬ್ಬಿಯೊಳಗೆ ಏನು ನಡೆಯುತ್ತಿದೆ ಅಂತ ನೋಡೋಣ.

ನಮ್ಮ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಬಾಗಿಲಲ್ಲಿ ನಿಂತು "ದಾವಣಗೆರೆ, ಹರಿಹರ, ರಾಣೆಬೆನ್ನೂರು" ಅಂತ ಕೂಗುತ್ತಾರೆ, ಅಲ್ವಾ? ಯಾರು ಕೇಳಿಸಿಕೊಂಡರು ಅಂತ ನೋಡುವುದಿಲ್ಲ. ವಿಮಾನವೂ ಹಾಗೇ ಕೂಗುತ್ತಾ ಹೋಗುತ್ತದೆ. ತಾನು ಎಲ್ಲಿದ್ದೇನೆ ಅಂತ ಜಿಪಿಎಸ್‌ನಿಂದ ತಿಳಿದುಕೊಂಡು, ಅದನ್ನು 1090 ಮೆಗಾಹರ್ಟ್ಸ್‌ನಲ್ಲಿ ಹೊರಗೆ ಬಿಡುತ್ತದೆ. ಜಾಗ ಮತ್ತು ಎತ್ತರ ಸೆಕೆಂಡಿಗೆ ಸುಮಾರು ಎರಡು ಸಲ. ವೇಗ ಮತ್ತು ದಿಕ್ಕು ಇನ್ನೆರಡು ಸಲ. ಹೆಸರು ಐದು ಸೆಕೆಂಡಿಗೊಮ್ಮೆ. ಒಂದೊಂದು ಸಂದೇಶ 112 ಬಿಟ್, ಮುಗಿಯಲು 120 ಮೈಕ್ರೋಸೆಕೆಂಡ್ ಸಾಕು. ಪಾಸ್‌ವರ್ಡ್ ಇಲ್ಲ, ಗುಪ್ತಲಿಪಿ ಇಲ್ಲ. ಇದಕ್ಕೇ ಎಡಿಎಸ್-ಬಿ ಅನ್ನುವುದು. ಪ್ರತಿ ವಿಮಾನಕ್ಕೂ 24 ಬಿಟ್‌ಗಳ ಒಂದು ನಂಬರ್ ಇರುತ್ತದೆ. ನಿಮ್ಮ ಪರದೆಯಲ್ಲಿ 80ರಿಂದ 83ರವರೆಗಿನ ಅಂಕಿಯಲ್ಲಿ ಶುರುವಾಗುವ ಆರಕ್ಷರದ ನಂಬರ್ ಕಂಡರೆ ಅದು ಭಾರತದಲ್ಲಿ ನೋಂದಣಿಯಾದ ವಿಮಾನ.

ಈ ಕೂಗನ್ನು ಕೇಳಿಸಿಕೊಳ್ಳುವ ಯಂತ್ರ ಒಂದು ಕಾಲಕ್ಕೆ ನಮ್ಮಂಥವರ ಕೈಗೆ ಸಿಗುವಂಥದ್ದೇ ಅಲ್ಲ. 2012ರ ಹೊತ್ತಿಗೆ ಒಂದು ವಿಷಯ ಹೊರಗೆ ಬಂತು. ಕಂಪ್ಯೂಟರಿನಲ್ಲಿ ಟಿವಿ ನೋಡಲು ಮಾರುತ್ತಿದ್ದ ಅಗ್ಗದ ಯುಎಸ್‌ಬಿ ಡಾಂಗಲ್‌ನಲ್ಲಿ ರಿಯಲ್‌ಟೆಕ್‌ನ ಒಂದು ಚಿಪ್ ಇರುತ್ತದೆ. ಅದು ಟಿವಿ ಒಂದನ್ನೇ ಅಲ್ಲ, ಸುಮಾರು 24ರಿಂದ 1,700 ಮೆಗಾಹರ್ಟ್ಸ್‌ವರೆಗೆ ಯಾವ ಸಿಗ್ನಲ್ಲನ್ನಾದರೂ ಹಸಿಯಾಗಿ ಕಂಪ್ಯೂಟರಿಗೆ ಕೊಡಬಲ್ಲದು. ಇಟಲಿಯ ಸಾಲ್ವಟೋರೆ ಸಾನ್‌ಫಿಲಿಪ್ಪೊ ಅದರ ಮೇಲೆ 'ಡಂಪ್1090' ಅನ್ನುವ ಪ್ರೋಗ್ರಾಂ ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಅಮೆರಿಕದ ಹವ್ಯಾಸಿ ಪೈಲಟ್‌ಗಳು ಅದರಿಂದ ಮುಂದಕ್ಕೆ ಹೋಗಿ ಕಾಕ್‌ಪಿಟ್‌ಗೆ ಹೊಂದುವ ಸ್ಟ್ರಾಟಕ್ಸ್ ಕಟ್ಟಿದರು. ನಿಮ್ಮ ಡಬ್ಬಿ ಈ ವಂಶದ್ದು. ಇದರ ಕೋಡ್ ಪೂರ್ತಿ ತೆರೆದಿದೆ, ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಬೀಗ ಹಾಕಿದ ಯಂತ್ರಗಳನ್ನೇ ವರ್ಷಗಟ್ಟಲೆ ಬಿಚ್ಚಿದ ನನಗೆ ಇದರ ಮೇಲೆ ಬಹಳ ಗೌರವ.

ಇನ್ನು ಆ ಖಾಲಿ ಪುಟ. ನೀವು ನೋಡಿದ ವಿಡಿಯೊದಲ್ಲಿ ಮಳೆಯ ಚಿತ್ರ ಬಂದದ್ದು 1090ರಲ್ಲಿ ಅಲ್ಲ, 978 ಮೆಗಾಹರ್ಟ್ಸ್‌ನಲ್ಲಿ. ಅಮೆರಿಕದ ವಿಮಾನಯಾನ ಇಲಾಖೆ ದೇಶದ ತುಂಬ 600ಕ್ಕೂ ಹೆಚ್ಚು ಕಡೆ ನೆಲದ ಕೇಂದ್ರಗಳನ್ನು ನಿಲ್ಲಿಸಿದೆ. ಅವು ರಾಡಾರ್‌ನ ಮಳೆ ಚಿತ್ರ, ನಿಲ್ದಾಣಗಳ ಹವಾಮಾನ, ಎಚ್ಚರಿಕೆ ಎಲ್ಲವನ್ನೂ ಪುಕ್ಕಟೆ ಬಿತ್ತರಿಸುತ್ತವೆ. 2020ರ ಜನವರಿ 1ರಿಂದ ಅಲ್ಲಿನ ಹೆಚ್ಚಿನ ನಿಯಂತ್ರಿತ ವಾಯುಪ್ರದೇಶದಲ್ಲಿ ಎಡಿಎಸ್-ಬಿ ಕಡ್ಡಾಯವಾಯಿತು. ಸಣ್ಣ ವಿಮಾನದವರು ಖರ್ಚು ಮಾಡಿ ಉಪಕರಣ ಹಾಕಿಸಿಕೊಳ್ಳಬೇಕಾದರೆ ಅವರಿಗೂ ಏನಾದರೂ ಲಾಭ ಕಾಣಬೇಕಲ್ಲ, ಆ ಪುಕ್ಕಟೆ ಹವಾಮಾನ ಮಾಹಿತಿ ಅಂಥ ಲಾಭ. ನಮ್ಮಲ್ಲಿ 978ರ ಆ ಬಿತ್ತರಣೆ ಇಲ್ಲ. ನಿಮ್ಮ ಎರಡನೇ ಡಾಂಗಲ್ ಎರಡು ತಿಂಗಳಿಂದ ನೀರಿಲ್ಲದ ಬಾವಿಗೆ ಕೊಡ ಇಳಿಬಿಟ್ಟು ಕೂತಿದೆ. ಹಗ್ಗ ಬದಲಾಯಿಸಿದರೆ, ಅಂದರೆ ಐದು ಸಾವಿರದ ಆಂಟೆನಾ ಹಾಕಿದರೆ, ನೀರು ಬರುತ್ತದೆಯೇ? ಸೆಟ್ಟಿಂಗ್‌ನಲ್ಲಿ 978 ಆಫ್ ಮಾಡಿ, ಆ ಡಾಂಗಲ್ ತೆಗೆದಿಡಿ. ಅದಕ್ಕೆ ಬೇರೆ ಕೆಲಸ ಹೇಳುತ್ತೇನೆ.

ಚಳ್ಳಕೆರೆ ಮಾತು ನನ್ನ ಕಿವಿಗೂ ಎಷ್ಟೋ ಸಲ ಬಿದ್ದಿದೆ. ಅಲ್ಲಿ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್ ಇರುವುದು ನಿಜ. 2017ರಲ್ಲಿ ಅದರ ಉದ್ಘಾಟನೆ ಆಯಿತು. 2023ರ ಏಪ್ರಿಲ್ 2ರಂದು ಇಸ್ರೋದವರು ರೆಕ್ಕೆಯಿರುವ ವಾಹನವನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್‌ನಿಂದ ಬಿಟ್ಟು, ಅದು ತಾನೇ ರನ್‌ವೇಗೆ ಇಳಿಯುವಂತೆ ಮಾಡಿದ್ದೂ ಅಲ್ಲೇ. ನಿಮ್ಮ ಜಿಲ್ಲೆಯ ಮಣ್ಣಿನಲ್ಲಿ ನಡೆದ ದೊಡ್ಡ ಕೆಲಸ ಅದು, ನನಗೆ ಹೆಮ್ಮೆ ಇದೆ. ಆದರೆ ನಿಮ್ಮ ಪರದೆ ಬರಿದಾಗಿದ್ದಕ್ಕೆ ಅವರು ಕಾರಣ ಅಲ್ಲ. 1090 ಅನ್ನುವುದು ಪ್ರಯಾಣಿಕ ವಿಮಾನಗಳ ಸುರಕ್ಷತೆಯ ಚಾನೆಲ್. ಅದನ್ನು ಒಂದು ಊರಿನ ಮೇಲೆ ಸದಾ ಮುಚ್ಚಿಟ್ಟರೆ ಮೊದಲು ತೊಂದರೆ ಆಗುವುದು ಮೇಲೆ ಹಾರುವವರಿಗೆ. ಅಲ್ಲಿ ಹಾರುವ ಪರೀಕ್ಷಾ ವಿಮಾನಗಳು ನಿಮಗೆ ಕಾಣಬೇಕು ಅಂತೇನೂ ಇಲ್ಲ, ಅದು ಬೇರೆ ಮಾತು. ಗುಡ್ಡದ ಮೇಲಿನ ಗಾಳಿಗಿರಣಿಗಳ ಮೇಲೂ ಕೆಲವರು ಅನುಮಾನ ಪಡುತ್ತಾರೆ. ಅದನ್ನೂ ಬಿಡಿ.

ವಿಮಾನಗಳು ಕಡಿಮೆ ಕಾಣುವುದಕ್ಕೆ ನಿಜವಾದ ಕಾರಣ ನಿಮ್ಮ ಪತ್ರದ ಎರಡನೇ ಸಾಲಿನಲ್ಲೇ ಇದೆ: ಕೋಟೆ ಬೆಟ್ಟದ ಬುಡ.

1090ರ ಅಲೆ ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತದೆ, ಬಂಡೆ ದಾಟುವುದಿಲ್ಲ. ಅಡ್ಡ ಏನೂ ಇಲ್ಲದಿದ್ದರೆ ಭೂಮಿಯ ದುಂಡುತನ ಒಂದೇ ಮಿತಿ. ಇದಕ್ಕೆ ಸುಲಭದ ಲೆಕ್ಕ ಇದೆ. ವಿಮಾನದ ಎತ್ತರ, ಆಂಟೆನಾದ ಎತ್ತರ ಎರಡನ್ನೂ ಮೀಟರಿನಲ್ಲಿ ಹಿಡಿದು, ವರ್ಗಮೂಲ ತೆಗೆದು, ಕೂಡಿಸಿ, 4.12ರಿಂದ ಗುಣಿಸಿ. ಉತ್ತರ ಕಿಲೋಮೀಟರಿನಲ್ಲಿ ಬರುತ್ತದೆ. ವಿಮಾನ ನಮ್ಮ ನೆಲದಿಂದ 10,000 ಮೀಟರ್, ಆಂಟೆನಾ 10 ಮೀಟರ್ ಇದ್ದರೆ ಸುಮಾರು 425 ಕಿ.ಮೀ. ದೇವನಹಳ್ಳಿ ನಿಲ್ದಾಣ ನಿಮ್ಮಿಂದ ನೇರ ಗೆರೆಯಲ್ಲಿ ಸುಮಾರು 180 ಕಿ.ಮೀ. ಅಲ್ಲಿ ಇಳಿಯುವ ವಿಮಾನ 1,700 ಮೀಟರ್‌ಗಿಂತ ಕೆಳಗೆ ಬಂದ ಮೇಲಷ್ಟೇ ನಿಮ್ಮ ಪರದೆಯಿಂದ ಮರೆಯಾಗಬೇಕು. ಅಂದರೆ ಬೆಂಗಳೂರಿನ ಮೇಲಿನ ಸಂಚಾರದ ದೊಡ್ಡ ಪಾಲು ದುರ್ಗದ ಮಾಳಿಗೆ ಮೇಲಿಂದ ಕಾಣುವಂಥದ್ದು.

ಈಗ ಬೆಟ್ಟ. ಮಾಳಿಗೆ ಮೇಲೆ ನಿಂತು ತೋಳು ಪೂರ್ತಿ ಚಾಚಿ, ಮುಷ್ಟಿ ಕಟ್ಟಿ ಹಿಡಿಯಿರಿ. ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ನೆಲದ ಅಂಚಿನಿಂದ ಬೆಟ್ಟದ ತಲೆಯವರೆಗೆ ಒಂದು ಮುಷ್ಟಿ ಇದ್ದರೆ, ಆ ದಿಕ್ಕಿನಲ್ಲಿ ಎತ್ತರದ ವಿಮಾನವೂ 60 ಕಿ.ಮೀ. ಒಳಗೆ ಬಂದ ಮೇಲೆಯೇ ಕಾಣುವುದು. ಅರ್ಧ ಮುಷ್ಟಿಯಾದರೆ 110ರ ಆಸುಪಾಸು. ಬಯಲಿಗೆ ತೆರೆದ ದಿಕ್ಕಿನಲ್ಲಿ 400 ಸಿಗುತ್ತಿರುವಾಗ ಬೆಟ್ಟದ ಕಡೆ 60 ಮಾತ್ರ. ಬೆಟ್ಟವನ್ನು ನೀವೂ ಸರಿಸಲಾರಿರಿ, ನಾನೂ ಸರಿಸಲಾರೆ. ಆ ದಿಕ್ಕಿನ ಆಸೆ ಬಿಟ್ಟು ಉಳಿದ ದಿಕ್ಕುಗಳನ್ನು ಪೂರ್ತಿ ಗೆಲ್ಲುವುದು ಬುದ್ಧಿವಂತಿಕೆ.

ಡಬ್ಬಿ ಎಲ್ಲಿದೆ ಅಂತ ನೀವು ಬರೆದಿಲ್ಲ. ಕಿಟಕಿಯ ಹತ್ತಿರ ಮೇಜಿನ ಮೇಲೆ ಇದೆ ಅಂತ ನನ್ನ ಊಹೆ. ಬಂದು ಬಂದು ಹೋಗುವ ನಾಲ್ಕು ವಿಮಾನ ಅಂದರೆ ಅದೇ ಲಕ್ಷಣ. ಕಬ್ಬಿಣ ಹಾಕಿದ ಆರ್‌ಸಿಸಿ ಸೂರಿನ ಕೆಳಗೆ ಆಕಾಶದ ಒಂದು ಚೂರು ಮಾತ್ರ ಕಾಣುತ್ತದೆ.

ಹಾಗಾಗಿ ಮೊದಲ ದಿನ ಏನೂ ಖರ್ಚು ಮಾಡಬೇಡಿ. ಡಾಂಗಲ್ ಜೊತೆ ಬಂದ ಅಯಸ್ಕಾಂತದ ತಳದ ಪುಟ್ಟ ಆಂಟೆನಾ ತೆಗೆದುಕೊಳ್ಳಿ. ಅದು ಎಳೆದು ಉದ್ದ ಮಾಡುವಂಥದ್ದಾದರೆ ಸ್ಕೇಲಿಟ್ಟು ಸರಿಯಾಗಿ 6.9 ಸೆಂ.ಮೀ. ಮಾಡಿ. 1090ರ ಅಲೆಯ ಉದ್ದ 27.5 ಸೆಂ.ಮೀ., ಅದರ ಕಾಲು ಭಾಗ ಇದು. ಜಾಸ್ತಿ ಎಳೆದರೆ ಜಾಸ್ತಿ ಸಿಗುತ್ತದೆ ಅನ್ನುವುದು ಹಳೆ ಟ್ರಾನ್ಸಿಸ್ಟರ್ ಕಾಲದ ನಂಬಿಕೆ, ಇಲ್ಲಿ ಅದು ಉಲ್ಟಾ. ಹಳೆ ಎಣ್ಣೆ ಡಬ್ಬಿಯ ತಗಡೊಂದನ್ನು ಬಿಡಿಸಿ ಮಾಳಿಗೆ ಮೇಲೆ ಎತ್ತರದಲ್ಲಿಟ್ಟು, ಅದರ ನಡುವೆ ಆಂಟೆನಾ ನೆಟ್ಟಗೆ ನಿಲ್ಲಿಸಿ. ಈ ಜಾತಿಯ ಆಂಟೆನಾಗೆ ಕಾಲಡಿ ಲೋಹ ಬೇಕು. ಮೇಜಿನ ಹಲಗೆ ಮೇಲಿಟ್ಟರೆ ಅದು ಅರ್ಧ ಆಂಟೆನಾ ಮಾತ್ರ. ಓರೆ ಇಡಬೇಡಿ. ವಿಮಾನದ ಆಂಟೆನಾ ನೆಟ್ಟಗೆ ಇರುತ್ತದೆ, ನಿಮ್ಮದೂ ನೆಟ್ಟಗಿರಬೇಕು. ಒಂದು ಗಂಟೆ ಹಾಗೇ ಬಿಟ್ಟು ಎಷ್ಟು ವಿಮಾನ, ಎಷ್ಟು ದೂರ ಅಂತ ಬರೆದಿಟ್ಟುಕೊಳ್ಳಿ. ಮುಂದೆ ಮಾಡುವ ಪ್ರತಿ ಬದಲಾವಣೆಯನ್ನೂ ಇದರ ಜೊತೆ ಹೋಲಿಸಿ.

ಆಮೇಲೆ ಕೇಬಲ್. ಇಲ್ಲಿ ನೀವು ನನಗಿಂತ ಪಳಗಿದವರು. ಆ ಪುಟ್ಟ ಆಂಟೆನಾದ ಕಡ್ಡಿಯಂಥ ತೆಳು ಕೇಬಲ್ ಈ ಫ್ರೀಕ್ವೆನ್ಸಿಯಲ್ಲಿ ಮೀಟರಿಗೆ ಸುಮಾರು 1 ಡೆಸಿಬಲ್ ನುಂಗುತ್ತದೆ. 6 ಡೆಸಿಬಲ್ ಹೋದರೆ ಕೇಳುವ ದೂರ ಅರ್ಧಕ್ಕೆ ಇಳಿಯುತ್ತದೆ. ನೀವು ದಿನಾ ಡಿಶ್‌ಗೆ ಎಳೆಯುವ ಆರ್‌ಜಿ-6 ಕೇಬಲ್ ಮೀಟರಿಗೆ 0.2 ಡೆಸಿಬಲ್ ಆಸುಪಾಸು. ಹತ್ತು ಮೀಟರ್ ಎಳೆದರೂ ಎರಡೇ ಡೆಸಿಬಲ್. ಅದು 75 ಓಮ್, ಡಾಂಗಲ್‌ನ ಕಡೆ 50 ಓಮ್, ಹೊಂದುವುದಿಲ್ಲ ಅಂತ ಪುಸ್ತಕ ಓದಿದವರು ಹೇಳುತ್ತಾರೆ. ಹೊಂದದೆ ಆಗುವ ನಷ್ಟ 0.2 ಡೆಸಿಬಲ್‌ಗಿಂತ ಕಡಿಮೆ. ಸುಮ್ನೆ ಹಾಕಿ. ಡಾಂಗಲ್ ಕಡೆಗೆ ಒಂದು ಅಡಾಪ್ಟರ್ ಪಿನ್ ಮಾತ್ರ ಬೇಕು.

ಅದೇ ಕೇಬಲ್‌ನಿಂದ ಆಂಟೆನಾನೂ ಮಾಡಬಹುದು. ಮೇಲಿನ ತುದಿಯಲ್ಲಿ ಹೊರ ಜಾಲರಿ ಸುಲಿದು, ಒಳಗಿನ ತಂತಿಯನ್ನು 6.9 ಸೆಂ.ಮೀ. ನೆಟ್ಟಗೆ ನಿಲ್ಲಿಸಿ. ಅಷ್ಟೇ ಉದ್ದದ ನಾಲ್ಕು ತಾಮ್ರದ ತಂತಿಗಳನ್ನು ಜಾಲರಿಗೆ ಸೇರುವಂತೆ ಕಟ್ಟಿ, ಛತ್ರಿ ಕಡ್ಡಿಯ ಹಾಗೆ ಕೆಳಕ್ಕೆ ಬಾಗಿಸಿ. ಮೇಲೊಂದು ತೆಳು ಪ್ಲಾಸ್ಟಿಕ್ ಪೈಪಿನ ಟೋಪಿ ಹಾಕಿ, ಕೀಲಿನೊಳಗೆ ನೀರು ಹೋಗದಂತೆ ಟೇಪು ಸುತ್ತಿ. ನನ್ನ ಮಾಳಿಗೆ ಮೇಲೆ ಇರುವುದು ಇಂಥದ್ದೇ. ಕಂಪನಿ ಆಂಟೆನಾ ಇದಕ್ಕಿಂತ ಸ್ವಲ್ಪ ಚೆನ್ನಾಗಿರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಐದು ಸಾವಿರದ ಆಂಟೆನಾ ಕಿಟಕಿಯಲ್ಲಿ ಇರುವುದಕ್ಕಿಂತ ಐವತ್ತು ರೂಪಾಯಿಯ ತಂತಿ ಮಾಳಿಗೆ ಮೇಲೆ ಇರುವುದು ಎಷ್ಟೋ ಮೇಲು.

ಕರೆಂಟಿನ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಅಂಗಡಿಯೊಂದರಲ್ಲಿ 3 ಆಂಪಿಯರ್ ಅಂತ ಬರೆದಿದ್ದ ಅಡಾಪ್ಟರ್ ತಂದೆ. ವಿಮಾನಗಳು ಕಾಣುತ್ತಿದ್ದವು, ಮಾಯವಾಗುತ್ತಿದ್ದವು. ಎರಡು ವಾರ ಆಂಟೆನಾ ಬಿಚ್ಚಿ ಜೋಡಿಸಿದೆ. ಕೊನೆಗೆ ಮೀಟರ್ ಹಿಡಿದರೆ ಪೈ ಹತ್ತಿರ 4.5 ವೋಲ್ಟ್. ರಾಸ್ಪ್‌ಬೆರಿ ಪೈ 4.63 ವೋಲ್ಟ್‌ಗಿಂತ ಕೆಳಗೆ ಹೋದರೆ ಎಚ್ಚರಿಕೆ ಕೊಡುತ್ತದೆ, ಪರದೆ ಜೋಡಿಸಿದ್ದರೆ ಮಿಂಚಿನ ಗುರುತು ಬರುತ್ತದೆ. ಪರದೆ ಇಲ್ಲದ ಡಬ್ಬಿಯಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮದೂ ಬಂದು ಹೋಗುವ ರೋಗವಾದ್ದರಿಂದ ಇದನ್ನು ಮೊದಲೇ ನೋಡಿ. ಯುಎಸ್‌ಬಿ ವೈರು ದಪ್ಪದ್ದು, ಗಿಡ್ಡದ್ದು ಇರಲಿ.

ಇನ್ನೊಂದು ಶತ್ರು ಮೊಬೈಲ್ ಟವರ್. ಅದರ 900 ಮೆಗಾಹರ್ಟ್ಸ್ ಸಿಗ್ನಲ್ 1090ಕ್ಕೆ ನೆರೆಮನೆ. ಡಾಂಗಲ್‌ನ ಕಿವಿ ಬಹಳ ಸೂಕ್ಷ್ಮ. ಪಕ್ಕದಲ್ಲಿ ಡೊಳ್ಳು ಬಾರಿಸುತ್ತಿದ್ದರೆ ದೂರದ ಪಿಸುಮಾತು ಅದಕ್ಕೆ ಕೇಳುವುದಿಲ್ಲ. ಗೇನ್ ಅನ್ನು, ಅಂದರೆ ಸಿಗ್ನಲ್ ಹಿಗ್ಗಿಸುವ ಮಟ್ಟವನ್ನು, ಮೇಲಿನ ಕೊನೆಯಲ್ಲಿ ಇಟ್ಟಿದ್ದರೆ ಒಂದೆರಡು ಮೆಟ್ಟಿಲು ಇಳಿಸಿ ನೋಡಿ. ಇಳಿಸಿದಾಗ ವಿಮಾನ ಹೆಚ್ಚಾದರೆ ಟವರ್‌ನ ಕಾಟ ಇದೆ ಅಂತ ಅರ್ಥ. ಆಗ ಮಾತ್ರ 1090 ಒಂದನ್ನೇ ಒಳಗೆ ಬಿಡುವ ಫಿಲ್ಟರ್‌ಗೆ ದುಡ್ಡು ಹಾಕಿ.

ಏಪ್ರಿಲ್, ಮೇ ತಿಂಗಳ ಸಂಜೆ ನಮ್ಮ ಕಡೆ ಗುಡುಗು ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಡಿಶ್‌ಗೆ ಮಾಡುವ ಹಾಗೆ ಕಂಬಕ್ಕೆ ಅರ್ತ್ ಕೊಡಿ. ಗುಡುಗು ದೂರದಲ್ಲಿ ಇರುವಾಗಲೇ ಕೇಬಲ್ ಕಿತ್ತಿಡಿ. ನೇರ ಬಡಿಯುವ ಸಿಡಿಲನ್ನು ಯಾವ ಸಣ್ಣ ಸಾಧನವೂ ತಡೆಯುವುದಿಲ್ಲ.

ಹಾಗಾದರೆ ಹವಾಮಾನ? ಗಾಳಿಯಲ್ಲಿ ಪುಕ್ಕಟೆ ಬರುವ ಮಳೆ ಚಿತ್ರ ಇಲ್ಲ ಅಂದೆ. ಬೇರೆ ದಾರಿಗಳಿವೆ.

ದಿನದ ಕೆಲಸಕ್ಕೆ ಫೋನ್ ಸಾಕು. ಹವಾಮಾನ ಇಲಾಖೆಯ 'ಮೌಸಂ' ಇದೆ, ರೈತರಿಗೆ 'ಮೇಘದೂತ' ಇದೆ. ಸಿಡಿಲಿಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಇದೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ, ಅವರ 'ವರುಣಮಿತ್ರ' ಸಹಾಯವಾಣಿಯೂ ಇದೆ. ರಾಡಾರ್ ಚಿತ್ರ ನೋಡುವಾಗ ಒಂದು ಎಚ್ಚರ. ಗೋವಾದ ರಾಡಾರ್ ನಮಗೆ ಸುಮಾರು 300 ಕಿ.ಮೀ. ದೂರ. ಅದರ ಕಿರಣ ಅರ್ಧ ಡಿಗ್ರಿ ಮೇಲಕ್ಕೆ ಮುಖ ಮಾಡಿ ಹೊರಟರೂ, ನೆಲ ದುಂಡಗೆ ಕೆಳಕ್ಕೆ ಇಳಿಯುವುದರಿಂದ, ದುರ್ಗದ ಮೇಲೆ ಬರುವ ಹೊತ್ತಿಗೆ 8 ಕಿ.ಮೀ. ಎತ್ತರದಲ್ಲಿ ಇರುತ್ತದೆ. ದೊಡ್ಡ ಗುಡುಗು ಮೋಡದ ತಲೆ ಮಾತ್ರ ಅದಕ್ಕೆ ಸಿಗುತ್ತದೆ. ಕೆಳಗೆ ಸುರಿಯುವ ಸೋನೆ ಸಿಗುವುದಿಲ್ಲ. ಚಿತ್ರ ಖಾಲಿ ಇದೆ ಅಂತ ಮಳೆ ಇಲ್ಲ ಅಂದುಕೊಳ್ಳಬೇಡಿ.

ಆ ಎರಡನೇ ಡಾಂಗಲ್‌ಗೆ ಕೆಲಸ ಹೇಳುತ್ತೇನೆ ಅಂದಿದ್ದೆ. ರಷ್ಯಾದ ಮೀಟಿಯೊರ್-ಎಂ ಸಾಲಿನ ಹವಾಮಾನ ಉಪಗ್ರಹಗಳು 137 ಮೆಗಾಹರ್ಟ್ಸ್‌ನಲ್ಲಿ ಮೋಡದ ಚಿತ್ರವನ್ನು ಕೆಳಕ್ಕೆ ಬಿಡುತ್ತಾ ಹೋಗುತ್ತವೆ. 53 ಸೆಂ.ಮೀ. ಉದ್ದದ ಎರಡು ಅಲ್ಯುಮಿನಿಯಂ ಕಡ್ಡಿಗಳನ್ನು 120 ಡಿಗ್ರಿ ಕೋನದಲ್ಲಿ ಮಲಗಿಸಿದರೆ ಆಂಟೆನಾ ತಯಾರು. 'ಸ್ಯಾಟ್‌ಡಂಪ್' ಅನ್ನುವ ತೆರೆದ ತಂತ್ರಾಂಶ ಚಿತ್ರ ಬಿಡಿಸಿಕೊಡುತ್ತದೆ. ಒಂದು ಸಲ ಹಾದುಹೋಗಲು ಹೆಚ್ಚೆಂದರೆ ಕಾಲು ಗಂಟೆ. ಹಳೆಯ ವಿಡಿಯೊಗಳಲ್ಲಿ ಅಮೆರಿಕದ ಉಪಗ್ರಹಗಳಾದ ನೋವಾ 15, 18, 19 ಅಂತ ಹೇಳುತ್ತಾರೆ. ಅವು ಮೂರೂ 2025ರಲ್ಲಿ ನಿವೃತ್ತಿಯಾದವು, ಅವುಗಳಿಗೆ ಕಾಯಬೇಡಿ. ಅರಬ್ಬೀ ಸಮುದ್ರದಿಂದ ಘಟ್ಟ ಹತ್ತಿ ಬರುವ ಮುಂಗಾರು ಮೋಡವನ್ನು ನಿಮ್ಮ ಮಾಳಿಗೆಯ ಕಡ್ಡಿಯಿಂದಲೇ ಹಿಡಿದು ನೋಡುವ ಖುಷಿ ಬೇರೆಯೇ.

ನನಗೆ ಇದಕ್ಕಿಂತಲೂ ಇಷ್ಟವಾದದ್ದು ಇನ್ನೊಂದಿದೆ. ವಿಮಾನಗಳಿಂದಲೇ ಗಾಳಿ ಅಳೆಯುವುದು. ಹರಿಹರದ ಹತ್ತಿರ ತುಂಗಭದ್ರೆಯಲ್ಲಿ ದೋಣಿ ದಾಟಿಸುವವನು ಮೂತಿಯನ್ನು ಮೇಲ್ಹೊಳೆ ಕಡೆಗಿಟ್ಟು ಹುಟ್ಟು ಹಾಕುತ್ತಾನೆ, ದೋಣಿ ಮಾತ್ರ ನೇರ ಆಚೆ ದಡ ಸೇರುತ್ತದೆ. ಅವನು ಗುರಿಯಿಟ್ಟ ದಿಕ್ಕಿಗೂ ಹೋದ ದಿಕ್ಕಿಗೂ ಇರುವ ವ್ಯತ್ಯಾಸವೇ ಹೊಳೆಯ ಸೆಳೆತ. ವಿಮಾನವೂ ಅಷ್ಟೇ. ನೆಲದ ರಾಡಾರ್ ಪ್ರಶ್ನೆ ಕೇಳಿದಾಗ ವಿಮಾನ ತನ್ನ ಮೂತಿ ಯಾವ ಕಡೆ ಇದೆ, ಗಾಳಿಯಲ್ಲಿ ತನ್ನ ವೇಗ ಎಷ್ಟು, ನೆಲದ ಮೇಲೆ ಎಷ್ಟು ಅಂತ ಉತ್ತರ ಕೊಡುತ್ತದೆ. ಆ ಉತ್ತರವೂ 1090ರಲ್ಲೇ ಬರುತ್ತದೆ. 'ರೀಡ್‌ಎಸ್‌ಬಿ' ಮತ್ತು 'ಟಾರ್1090' ಅನ್ನುವ ಪ್ರೋಗ್ರಾಂಗಳನ್ನು ಹಾಕಿಕೊಂಡರೆ ಅವು ಲೆಕ್ಕ ಹಾಕಿ ಆ ಎತ್ತರದ ಗಾಳಿಯನ್ನೂ ಹೊರಗಿನ ಉಷ್ಣತೆಯನ್ನೂ ತೋರಿಸುತ್ತವೆ. ಜುಲೈನಲ್ಲಿ ನೋಡಿ. ನಿಮ್ಮ ಮಾಳಿಗೆ ಮೇಲೆ ಗಾಳಿ ಪಶ್ಚಿಮದಿಂದ ನುಗ್ಗುತ್ತಿರುತ್ತದೆ. 11 ಕಿ.ಮೀ. ಮೇಲೆ ಅದು ಪೂರ್ವದಿಂದ ಬೀಸುತ್ತಿರುತ್ತದೆ. ಮುಂಗಾರಿನ ಈ ಎರಡು ಅಂತಸ್ತನ್ನು ನಾನು ಮೊದಲ ಸಲ ನನ್ನದೇ ಪರದೆಯಲ್ಲಿ ಕಂಡ ದಿನ ಊಟಕ್ಕೆ ಏಳಲಿಲ್ಲ.

ಪೊಲೀಸರ ಹೆದರಿಕೆಯನ್ನು ಪೂರ್ತಿ ತಳ್ಳಿಹಾಕಲಾರೆ. 1933ರ ವೈರ್‌ಲೆಸ್ ಕಾಯ್ದೆ ಲೈಸೆನ್ಸ್ ಇಲ್ಲದೆ ರೇಡಿಯೊ ಉಪಕರಣ ಇಟ್ಟುಕೊಳ್ಳುವುದನ್ನೇ ತಡೆಯುತ್ತಿತ್ತು. ಈಗ 2023ರ ದೂರಸಂಪರ್ಕ ಕಾಯ್ದೆ ಬಂದಿದೆ, ಅದರಲ್ಲೂ ರೇಡಿಯೊ ಉಪಕರಣ ಇಟ್ಟುಕೊಳ್ಳಲು ಅನುಮತಿಯ ಮಾತಿದೆ. ಟಿವಿ ಡಾಂಗಲ್ ಹಿಡಿದು ಮಾಳಿಗೆ ಮೇಲೆ ಕೂತವರನ್ನು ಎಳೆದುಕೊಂಡು ಹೋದದ್ದು ನಾನು ಕಂಡಿಲ್ಲ. ಆದರೂ ನಾನು ನನ್ನ ಶಿಷ್ಯರಿಗೆಲ್ಲ ಹ್ಯಾಮ್ (ಹವ್ಯಾಸಿ) ರೇಡಿಯೊ ಪರೀಕ್ಷೆ ಬರೆಯಿರಿ ಅನ್ನುತ್ತೇನೆ. ನಿಮ್ಮ ಕೆಲಸದ ಅನುಭವಕ್ಕೆ ಅದು ಕಷ್ಟವಲ್ಲ. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿಭಾಗದ ಜೊತೆ ಬರಹದಲ್ಲಿ ಕೈಜೋಡಿಸಿದರೆ ಇನ್ನೂ ಒಳ್ಳೆಯದು. ಡಬ್ಬಿ ತೆಗೆದುಕೊಂಡು ಚಳ್ಳಕೆರೆಯ ರಕ್ಷಣಾ ಆವರಣದ ಬೇಲಿ ಹತ್ತಿರ ಹೋಗಬೇಡಿ. ಪೈಲಟ್‌ಗಳ ಮಾತು ಹಿಡಿದು ಹಂಚಬೇಡಿ. 1090ರಲ್ಲಿ ಏನನ್ನೂ ಕಳುಹಿಸಬೇಡಿ, ತಮಾಷೆಗೂ ಬೇಡ, ಪರೀಕ್ಷೆಗೂ ಬೇಡ. ಆಕಾಶದಲ್ಲಿ ಇಲ್ಲದ ವಿಮಾನ ಒಬ್ಬ ಪೈಲಟ್‌ನ ಪರದೆಯಲ್ಲಿ ಕಂಡರೆ ಏನಾಗಬಹುದು ಅಂತ ಯೋಚಿಸಿ.

ಈಗ ಭಾವಮೈದ.

ಅವನ ಡ್ರೋನ್ ಪೈರಿನ ಮೇಲೆ ಎರಡು ಮೂರು ಮೀಟರ್ ಎತ್ತರದಲ್ಲಿ ಓಡುತ್ತದೆ. ನಿಮ್ಮ ಪರದೆಯ ವಿಮಾನಗಳು 10 ಕಿ.ಮೀ. ಮೇಲೆ. ಅವುಗಳಿಂದ ಅವನಿಗೆ ಭಯವಿಲ್ಲ. ಭಯ ಇರುವುದು ಕೆಳಗೆ ಬರುವ ಹೆಲಿಕಾಪ್ಟರಿನಿಂದ. ಚುನಾವಣೆ, ಗಣ್ಯರ ಕಾರ್ಯಕ್ರಮ, ನೆರೆ ಬಂದ ಹೊತ್ತು, ಅದು ಯಾವ ಮೈದಾನಕ್ಕಾದರೂ ಇಳಿಯಬಹುದು. ಎಡಿಎಸ್-ಬಿ ಕೂಗದ ಹೆಲಿಕಾಪ್ಟರುಗಳೂ ಇವೆ. ಸೇನೆಯ ವಿಮಾನಗಳು ಕೂಗಲೇಬೇಕು ಅಂತಿಲ್ಲ. ಕೂಗಿದರೂ ಅಡಿಕೆ ತೋಟದ ಆಚೆ ತಗ್ಗಿನಲ್ಲಿ ಬರುವುದು ಡಬ್ಬಿಗೆ ಕೇಳುವುದಿಲ್ಲ. ಪರದೆ ಖಾಲಿ ಇದೆ ಅಂದರೆ ಆಕಾಶ ಖಾಲಿ ಇದೆ ಅಂತ ಅರ್ಥವಲ್ಲ. ಡಬ್ಬಿ ಕೈಯಲ್ಲಿದೆ ಅನ್ನುವ ಧೈರ್ಯಕ್ಕೆ ಅವನು ತಲೆ ಎತ್ತಿ ನೋಡುವುದನ್ನೇ ಬಿಟ್ಟರೆ, ಡಬ್ಬಿ ಇಲ್ಲದ ದಿನಕ್ಕಿಂತ ಅಪಾಯ ಜಾಸ್ತಿ. ನಾನು ಹೆದರಿದ್ದು ಇದಕ್ಕೇ.

ಕೊಡಲೇಬೇಕು ಅನಿಸಿದರೆ ಹೀಗೆ ಕೊಡಿ. ಗದ್ದೆಯ ಬದುವಿನಲ್ಲಿ ಐದು ಮೀಟರ್ ಉದ್ದದ ಬಿದಿರು ನೆಟ್ಟು ಅದರ ತುದಿಗೆ ಆಂಟೆನಾ ಕಟ್ಟಲಿ. ಬಯಲಾದರೆ 150 ಮೀಟರ್ ಎತ್ತರದ ಹೆಲಿಕಾಪ್ಟರ್ ಲೆಕ್ಕದ ಪ್ರಕಾರ 60 ಕಿ.ಮೀ. ದೂರದಿಂದ ಕೇಳಬೇಕು. ತೋಟಗಳ ನಡುವೆ ಅದು ಐದಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಗಂಟೆಗೆ 200 ಕಿ.ಮೀ. ವೇಗದ ಹೆಲಿಕಾಪ್ಟರ್ ಐದು ಕಿ.ಮೀ. ದಾಟಲು ಒಂದೂವರೆ ನಿಮಿಷ. ಮೂರು ಮೀಟರ್ ಎತ್ತರದ ಡ್ರೋನ್ ಇಳಿಸಲು ಅಷ್ಟು ಸಾಕು, ಆದರೆ ಪರದೆಯನ್ನು ಯಾರಾದರೂ ನೋಡುತ್ತಿದ್ದರೆ ಮಾತ್ರ. ಹಾಗಾಗಿ ಡ್ರೋನ್ ಹಾರಿಸುವವನ ಪಕ್ಕ ಇನ್ನೊಬ್ಬ ನಿಲ್ಲಲಿ. ಅವನ ಕೆಲಸ ಆಕಾಶ ನೋಡುವುದು, ಸದ್ದು ಕೇಳುವುದು. ಸದ್ದು ಬಂತೆಂದರೆ ಡಬ್ಬಿ ಏನೇ ಹೇಳಲಿ, ಡ್ರೋನ್ ಇಳಿಯಬೇಕು. ಬೆಳಿಗ್ಗೆ ಹೊರಡುವ ಮೊದಲು, ಡ್ರೋನ್ ಎಲ್ಲಿ ಹಾರಿಸಬಹುದು ಅಂತ ಬಣ್ಣದಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಲಿ. ಹಸಿರು ವಲಯದಲ್ಲೂ ಮಿತಿ 400 ಅಡಿ. ಔಷಧಿ ಪಕ್ಕದ ಗದ್ದೆಗೆ ಹಾರದಂತೆ ನೋಡಲು ಮೇಲಿನ ಗಾಳಿಯ ಲೆಕ್ಕ ಬೇಡ, ಕೈಯಲ್ಲಿ ಹಿಡಿಯುವ ಪುಟ್ಟ ಗಾಳಿಮಾಪಕ ಸಾಕು. ಆಂಟೆನಾಗೆ ಅಂತ ತೆಗೆದಿಟ್ಟ ಐದು ಸಾವಿರದಲ್ಲಿ ಅದನ್ನು ಕೊಡಿಸಿ.

ಈ ವಾರ ಮಾಳಿಗೆ ಮೇಲೆ ತಗಡಿಟ್ಟು ನೋಡಿ ನನಗೆ ಬರೆಯಿರಿ. ಮೂರು ಅಂಕಿ ಬೇಕು: ಒಂದು ಗಂಟೆಯಲ್ಲಿ ಎಷ್ಟು ವಿಮಾನ, ಯಾವ ದಿಕ್ಕಿನಲ್ಲಿ ಎಷ್ಟು ದೂರ, ಪೈ ಹತ್ತಿರ ಎಷ್ಟು ವೋಲ್ಟ್. ಬೆಟ್ಟ ಎಷ್ಟು ಮುಷ್ಟಿ ಅನ್ನುವುದನ್ನೂ ಸೇರಿಸಿ.